ಉಡುಗೊರೆ ಕೊಡುವವರಿಗೆ ರಿಮೋಟಿನ ಬಗ್ಗೆ ನಾಲ್ಕು ಮಾತು

ಪರಊರುಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹಾಗೂ ಬಂಧುಗಳ ಮಕ್ಕಳು ರಜೆಗೆ ಊರಿಗೆ ಬಂದಾಗ ಹೆತ್ತವರಿಗೆ ಏನನ್ನಾದರೂ ಕೊಡಿಸಿ ಹೋಗುವುದು ವಾಡಿಕೆ. ಹಿಂದೆ ಅದು ಮಿಕ್ಸಿಯಾಗಿತ್ತು, ಬಳಿಕ ಬಟ್ಟೆ ಒಗೆಯುವ ಯಂತ್ರವಾಯಿತು. ಈಗ ಕೆಲವು ವರ್ಷಗಳಿಂದ ಗೋಡೆಯಗಲದ ಟಿವಿ ಮತ್ತು ಅದರ ಸುತ್ತ ಐದೋ ಏಳೋ ಸ್ಪೀಕರುಗಳ ಹೋಮ್ ಥಿಯೇಟರು. ಪ್ರೀತಿಯಿಂದ ಕೊಡುವುದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಒಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ನೀವು ಜೋಡಿಸಿಟ್ಟು ಹೋದ ಆ ಸರಂಜಾಮನ್ನು, ನೀವು ವಿಮಾನ ಹತ್ತಿದ ಮರುದಿನದಿಂದ ನಡೆಸಬೇಕಾದವರು ಎಪ್ಪತ್ತು ದಾಟಿದ ತಾಯಿಯೋ ತಂದೆಯೋ. ಅವರಿಗೆ ನಡೆಸಲು ಬಾರದ ಯಂತ್ರವು ಅವರದೇ ನಡುಮನೆಯಲ್ಲಿ ದಿನವೂ ಅವರನ್ನು ಮುಜುಗರಕ್ಕೆ ಈಡುಮಾಡುತ್ತಿರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಎಲ್ಲ ಯಂತ್ರಗಳನ್ನೂ ನಡೆಸಬಲ್ಲ ಒಂದು ಯೂನಿವರ್ಸಲ್ ರಿಮೋಟು, ಮತ್ತು ಅದನ್ನು ಆ ಮನೆಯವರ ಎದುರಿನಲ್ಲಿ ಕುಳಿತು ಹದಗೊಳಿಸಲು ಒಂದು ಪೂರ್ತಿ ಮಧ್ಯಾಹ್ನ, ಇವೆರಡನ್ನೂ ಉಡುಗೊರೆಯ ಲೆಕ್ಕದಲ್ಲಿಯೇ ಸೇರಿಸಿಕೊಳ್ಳಬೇಕು. ಎರಡನೆಯದಕ್ಕೆ ಪುರಸೊತ್ತಿಲ್ಲದಿದ್ದರೆ ಸ್ಪೀಕರುಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ.

ಶಿವಮೊಗ್ಗೆಯಲ್ಲಿರುವ ನಮ್ಮ ಅಕ್ಕನ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. 'ಬರಿ, ಆದರೆ ನಾನು ದಡ್ಡಿ ಅನ್ನೋ ಹಾಗೆ ಬರೀಬೇಡ ಕಣೋ' ಎಂದಿದ್ದಾಳೆ.) ಭಾವನವರು ಸಂಗೀತದ ಹುಚ್ಚಿನವರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇವರ ಧ್ವನಿಮುದ್ರಿಕೆಗಳನ್ನು ಕ್ಯಾಸೆಟ್ಟಿನ ಕಾಲದಿಂದಲೂ ಕೂಡಿಹಾಕಿದವರು. ಅಮೆರಿಕದಲ್ಲಿರುವ ಮಗ ತಂದೆಯ ಈ ಆಸಕ್ತಿಯನ್ನು ಬಲ್ಲವನಾದ್ದರಿಂದ ಟಿವಿ, ಧ್ವನಿಯನ್ನು ಸ್ಪೀಕರುಗಳಿಗೆ ಹಂಚುವ ಎವಿ ರಿಸೀವರು, ಡಿಸ್ಕ್ ಪ್ಲೇಯರು, ಅಂತರ್ಜಾಲದ ಚಿತ್ರಗಳಿಗೆಂದು ಒಂದು ಸ್ಟಿಕ್ಕು ಎಲ್ಲವನ್ನೂ ತಂದು ಕೂರಿಸಿದ. ಮೊದಲೇ ಇದ್ದ ಸೆಟ್‌ಟಾಪ್ ಬಾಕ್ಸು ಸೇರಿ ಯಂತ್ರಗಳು ಐದು. ಟೀಪಾಯಿಯ ಮೇಲೆ ರಿಮೋಟುಗಳೂ ಐದು, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ. ಭಾವನವರು ಎರಡು ತಿಂಗಳು ಹೆಣಗಿ, ಡೈರಿಯಲ್ಲಿ ಟಿಪ್ಪಣಿ ಬರೆದುಕೊಂಡು, ಎಲ್ಲವನ್ನೂ ಕರಗತ ಮಾಡಿಕೊಂಡರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯಲ್ಲಿ ಮನ್ಸೂರರ ದನಿ ಕೇಳಿಬರುತ್ತಿತ್ತು.

ಹೋದ ವರ್ಷದ ಹಿಂದಿನ ವರ್ಷ ಭಾವನವರು ತೀರಿಕೊಂಡರು. ಆ ಬಳಿಕ ಹನ್ನೊಂದು ತಿಂಗಳ ಕಾಲ ಆ ಮನೆಯಲ್ಲಿ ಸಂಗೀತ ಕೇಳಿಬರಲಿಲ್ಲ. ದುಃಖವೇ ಕಾರಣವೆಂದು ನಾವೆಲ್ಲ ತಿಳಿದಿದ್ದೆವು. ನಿಜವಾದ ಕಾರಣವನ್ನು ಅಕ್ಕ ಒಂದು ದಿನ ಕಾಫಿ ಕುಡಿಯುತ್ತ ಸಹಜವಾಗಿ ಹೇಳಿದಳು: 'ಕೇಳಬೇಕು ಅನ್ನಿಸುತ್ತೆ. ಹಾಕೋಕೆ ಬರಲ್ಲವಲ್ಲ.' ಟಿವಿ ಹಚ್ಚಿದರೆ ಚಿತ್ರ ಬರುತ್ತದೆ, ಶಬ್ದವಿಲ್ಲ. ಇನ್ನೊಂದು ರಿಮೋಟು ಒತ್ತಿದರೆ ಶಬ್ದ ಬರುತ್ತದೆ, ಚಿತ್ರ ಹೋಗುತ್ತದೆ. ಮೊದಮೊದಲು ಮಗನಿಗೆ ಫೋನು ಮಾಡಿದ್ದಾಳೆ. ಅವನು ಕಚೇರಿಗೆ ಹೊರಡುವ ಅವಸರದಲ್ಲಿ, 'ಅಮ್ಮಾ, ಸೋರ್ಸ್ ಬದಲಾಯಿಸು, ಎಚ್‌ಡಿಎಂಐ ಎರಡಕ್ಕೆ ಹಾಕು' ಎಂದಿದ್ದಾನೆ. ನಾಲ್ಕನೆಯ ಸಲದ ನಂತರ ಇವಳು ಕೇಳುವುದನ್ನೇ ಬಿಟ್ಟಳು. 'ಇರಲಿ ಬಿಡು, ಅವನಿಗೆ ಕೆಲಸದ ಹೊತ್ತು' ಎಂದುಕೊಂಡಳು. ಮಗನಾದರೋ, ಅಮ್ಮ ಕಲಿತುಕೊಂಡಳು ಎಂದು ನೆಮ್ಮದಿಯಾಗಿದ್ದ.

ತರಗತಿಯಲ್ಲಿ ಇದನ್ನು ನಾನು ಬಹಳ ಕಂಡಿದ್ದೇನೆ. ಎರಡು ಸಲ ಕೇಳಿ ಅರ್ಥವಾಗದ ಹುಡುಗ ಮೂರನೆಯ ಸಲ ಕೇಳುವುದಿಲ್ಲ. ಅವನ ಮೌನವನ್ನು ಮೇಷ್ಟ್ರು ತಿಳಿವಳಿಕೆ ಎಂದು ಭಾವಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ.

ಅಕ್ಕ ದಡ್ಡಿಯಲ್ಲ. ಮೂವತ್ತು ವರ್ಷ ಮಹಿಳಾ ಸಮಾಜದ ಲೆಕ್ಕಪತ್ರಗಳನ್ನು ಒಂದು ಪೈಸೆಯೂ ತಪ್ಪದಂತೆ ಬರೆದವಳು. ತೊಡಕು ಇರುವುದು ಬೇರೆಡೆ. ಐದು ಯಂತ್ರಗಳಲ್ಲಿ ಯಾವುದು ಎಚ್ಚರವಾಗಿದೆ, ಯಾವುದು ಮಲಗಿದೆ, ರಿಸೀವರು ಯಾರ ಮಾತಿಗೆ ಕಿವಿಗೊಟ್ಟಿದೆ, ಟಿವಿ ಯಾರ ಮುಖ ನೋಡುತ್ತಿದೆ, ಈ ಸಂಗತಿಗಳನ್ನೆಲ್ಲ ರಿಮೋಟು ಹಿಡಿದವರು ತಮ್ಮ ತಲೆಯಲ್ಲಿಯೇ ಇಟ್ಟುಕೊಳ್ಳಬೇಕು. ಒಲೆಯ ಉರಿಯಾದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಹಾಗಲ್ಲ.

ರಿಮೋಟಿನ ಚರಿತ್ರೆಯನ್ನು ನೋಡಿದರೆ ಆರಂಭದಲ್ಲಿ ಅದು ಎಷ್ಟು ಸರಳವಾಗಿತ್ತೆಂದು ಆಶ್ಚರ್ಯವಾಗುತ್ತದೆ. ಅಮೆರಿಕದ ಜೆನಿತ್ ಕಂಪೆನಿ ೧೯೫೦ರಲ್ಲಿ ಹೊರತಂದ ರಿಮೋಟಿಗೆ ಟಿವಿಯವರೆಗೂ ತಂತಿಯಿತ್ತು. ಅದರ ಹೆಸರು 'ಲೇಜಿ ಬೋನ್ಸ್', ಎಂದರೆ ಶುದ್ಧ ಸೋಮಾರಿ! ೧೯೫೫ರಲ್ಲಿ ಅದೇ ಕಂಪೆನಿಯ ಯುಜೀನ್ ಪಾಲಿ ಎಂಬ ಎಂಜಿನಿಯರು ಟಾರ್ಚಿನಂತೆ ಬೆಳಕು ಬಿಟ್ಟು ಟಿವಿಯನ್ನು ನಡೆಸುವ ಸಾಧನವನ್ನು ಮಾಡಿದರು. ಟಿವಿಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕೋಶಗಳು. ಕಿಟಕಿಯಿಂದ ಬಿಸಿಲು ಬಿದ್ದರೆ ಟಿವಿ ತಾನಾಗಿಯೇ ಚಾನೆಲ್ಲು ಬದಲಿಸುತ್ತಿತ್ತಂತೆ. ಮರುವರ್ಷ ರಾಬರ್ಟ್ ಆಡ್ಲರ್ ರೂಪಿಸಿದ 'ಸ್ಪೇಸ್ ಕಮಾಂಡ್' ನನಗೆ ಬಹಳ ಮೆಚ್ಚುಗೆಯಾದ ಉಪಕರಣ. ಅದರೊಳಗೆ ಅಲ್ಯೂಮಿನಿಯಮ್ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳನ್ನು ಬಡಿಯುತ್ತದೆ. ಮನುಷ್ಯರ ಕಿವಿಗೆ ಕೇಳಿಸದ ಶ್ರವಣಾತೀತ ನಾದ ಹೊಮ್ಮಿ ಟಿವಿಯನ್ನು ತಲಪುತ್ತದೆ. ಬ್ಯಾಟರಿಯೇ ಬೇಡ. ದೇವಸ್ಥಾನದ ಗಂಟೆಯ ತತ್ತ್ವವೇ! ಗುಂಡಿಗಳು ಕೇವಲ ನಾಲ್ಕು. ನಮ್ಮ ಅಕ್ಕನ ರಿಸೀವರಿನ ರಿಮೋಟಿನಲ್ಲಿ ನಾನೇ ಎಣಿಸಿದಂತೆ ಐವತ್ತೆರಡು.

೧೯೮೦ರ ದಶಕದ ಹೊತ್ತಿಗೆ ಶ್ರವಣಾತೀತ ಧ್ವನಿ ಹಿಂದೆ ಸರಿದು ಅವಗೆಂಪು ಕಿರಣಗಳು ಬಂದವು. ಆಗಲೇ ಮನೆಗಳಲ್ಲಿ ವಿಸಿಆರು, ಕೇಬಲ್ ಪೆಟ್ಟಿಗೆ ಎಂದು ರಿಮೋಟುಗಳ ಸಂತತಿ ಬೆಳೆಯತೊಡಗಿತ್ತು. ಆಪಲ್ ಕಂಪ್ಯೂಟರಿನ ಸ್ಟೀವ್ ವೋಜ್ನಿಯಾಕ್ ಅವರು ಆ ಕಂಪೆನಿಯಿಂದ ಹೊರಬಂದು ಸ್ಥಾಪಿಸಿದ ಹೊಸ ಸಂಸ್ಥೆ ೧೯೮೭ರಲ್ಲಿ 'ಕೋರ್' ಎಂಬ ರಿಮೋಟನ್ನು ಹೊರತಂದಿತು. ಬೇರೆ ರಿಮೋಟುಗಳ ಸಂಕೇತಗಳನ್ನು ಕೇಳಿ ಕಲಿಯುವುದು ಅದರ ವೈಶಿಷ್ಟ್ಯ. ಕಂಪ್ಯೂಟರು ಬಲ್ಲವರಿಗೆ ಮಾತ್ರ ಒಗ್ಗುವಂಥದು, ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಗೆಲ್ಲದಿದ್ದ ಕಾರಣವನ್ನು ಇಂದಿನ ತಯಾರಕರೂ ಯೋಚಿಸಬೇಕು.

ಅವಗೆಂಪು ಕಿರಣವೆಂದೊಡನೆ ನನ್ನ ವಿದ್ಯಾರ್ಥಿಗಳಿಗೆ ವಿಲಿಯಮ್ ಹರ್ಷೆಲ್ ನೆನಪಾಗಬೇಕು. ೧೮೦೦ರಲ್ಲಿ ಆತ ಬಿಸಿಲನ್ನು ಅಶ್ರಗದ ಮೂಲಕ ಹಾಯಿಸಿ, ಕೆಂಪು ಬಣ್ಣದಾಚೆ ಏನೂ ಕಾಣದ ಜಾಗದಲ್ಲಿ ಉಷ್ಣತಾಮಾಪಕವನ್ನಿಟ್ಟಾಗ ಪಾದರಸ ಏರಿತು. ಆ ಕಾಣದ ಬೆಳಕೇ ರಿಮೋಟಿನ ತುದಿಯಲ್ಲಿರುವ ಪುಟ್ಟ ದೀಪದಿಂದ ಹೊಮ್ಮುವುದು. ನಿಮ್ಮ ಮೊಬೈಲಿನ ಕ್ಯಾಮೆರಾದ ಎದುರು ರಿಮೋಟು ಹಿಡಿದು ಗುಂಡಿ ಒತ್ತಿರಿ. ಬಹುತೇಕ ಫೋನುಗಳಲ್ಲಿ, ಹಿಂದಿನ ಕ್ಯಾಮೆರಾ ಅಲ್ಲದಿದ್ದರೆ ಮುಂದಿನದರಲ್ಲಿ, ಮಸುಕಾದ ನೇರಳೆ ಮಿನುಗು ಕಾಣುತ್ತದೆ. ರಿಮೋಟು ಕೆಟ್ಟಿದೆಯೋ ಟಿವಿ ಕೆಟ್ಟಿದೆಯೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಅಂಗೈಗೆ ಬಡಿದು ನೋಡುವ ನಮ್ಮ ಪದ್ಧತಿಗಿಂತ ಖಂಡಿತ ಉತ್ತಮ.

ಈ ಬೆಳಕು ಸೆಕೆಂಡಿಗೆ ಸುಮಾರು ೩೮,೦೦೦ ಸಲ ಮಿಡಿಯುತ್ತದೆ. ಟಿವಿಯ ಕಣ್ಣು ಆ ಮಿಡಿತವನ್ನು ಮಾತ್ರ ಗಮನಿಸುವುದರಿಂದ ಬಿಸಿಲು, ದೀಪ ಇತ್ಯಾದಿಗಳ ನಿಶ್ಚಲ ಬೆಳಕಿಗೆ ಮೋಸಹೋಗುವುದಿಲ್ಲ. ಮಿಡಿತದ ತುಂಡುಗಳ ನಡುವಿನ ಬಿಡುವು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಬಹಳ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು ಯಂತ್ರದ ವಿಳಾಸ, ಆಮೇಲೆ ಅದೇ ವಿಳಾಸದ ತಲೆಕೆಳಗಾದ ರೂಪ, ಅನಂತರ ಆಜ್ಞೆ, ಕೊನೆಗೆ ಆಜ್ಞೆಯ ತಲೆಕೆಳಗಾದ ರೂಪ ಹೋಗುತ್ತವೆ. ಎರಡೂ ತಾಳೆಯಾದರೆ ಮಾತ್ರ ಯಂತ್ರ ಆಜ್ಞೆಯನ್ನು ಪಾಲಿಸುತ್ತದೆ. ಗಣಿತದಲ್ಲಿ ತಾಳೆ ನೋಡುವ ಅಭ್ಯಾಸವನ್ನು ನಿಮಗೆ ಬೆತ್ತ ತೋರಿಸಿ ಕಲಿಸಬೇಕಾಗಿತ್ತು! ಇನ್ನು ಸೋನಿಯದು ಬೇರೆ ಪದ್ಧತಿ, ಫಿಲಿಪ್ಸಿನದು ಇನ್ನೊಂದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಯೂನಿವರ್ಸಲ್ ರಿಮೋಟು ಎಂದರೆ ಈ ಎಲ್ಲ ಭಾಷೆಗಳನ್ನು ಬಲ್ಲ ದುಭಾಷಿ.

ಕೊಳ್ಳುವ ಮುನ್ನ ಒಂದು ವಿಚಾರ. ನಿಮ್ಮ ಮನೆಯಲ್ಲಿ ಟಿವಿ, ಅದರ ಕೆಳಗೆ ಒಂದು ಸೌಂಡ್‌ಬಾರು, ಒಂದು ಸ್ಟಿಕ್ಕು ಇಷ್ಟೇ ಇದ್ದರೆ ಹೊಸ ರಿಮೋಟು ಬೇಕಾಗಲಾರದು. ಎಚ್‌ಡಿಎಂಐ ತಂತಿಯಲ್ಲಿ ಸಿಇಸಿ ಎಂಬ ಏರ್ಪಾಡು ಮೊದಲಿನಿಂದಲೂ ಇದೆ. ಒಂದು ಯಂತ್ರ ಎದ್ದರೆ ಅದು ಇನ್ನೊಂದನ್ನು ತಂತಿಯ ಮೂಲಕವೇ ಎಬ್ಬಿಸುತ್ತದೆ. ಸ್ಯಾಮ್‌ಸಂಗಿನವರು ಅದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿಯವರು ಸಿಂಪ್ಲಿಂಕ್ ಎಂದೂ, ಸೋನಿಯವರು ಬ್ರಾವಿಯಾ ಸಿಂಕ್ ಎಂದೂ ಕರೆದು, ಮೆನುವಿನ ಆಳದಲ್ಲಿ ಹುದುಗಿಸಿ ಇಟ್ಟಿರುವುದರಿಂದ ಹಲವರಿಗೆ ಅದರ ಇರವೇ ತಿಳಿದಿಲ್ಲ. ಮೊದಲು ಅದನ್ನು ಚಾಲೂ ಮಾಡಿ ನೋಡಿರಿ, ಖರ್ಚಿಲ್ಲ. ಆದರೆ ಬೇರೆಬೇರೆ ಕಂಪೆನಿಗಳ ಯಂತ್ರಗಳು ಸೇರಿದಾಗ ಅದು ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಸೆಟ್‌ಟಾಪ್ ಬಾಕ್ಸುಗಳಲ್ಲಿ ಹಲವು ಅದಕ್ಕೆ ಓಗೊಡುವುದೇ ಇಲ್ಲ. ಅಕ್ಕನ ಮನೆಯಲ್ಲಿ ಹಾಗೆಯೇ ಆಯಿತು.

ಯೂನಿವರ್ಸಲ್ ರಿಮೋಟಿನಲ್ಲಿ ಎರಡು ಬಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಪ್ರತಿ ಊರಿನ ರಿಪೇರಿ ಅಂಗಡಿಯಲ್ಲಿಯೂ ಕೆಲವು ನೂರು ರೂಪಾಯಿಗೆ ಸಿಗುವಂಥವು ಒಂದು ಬಗೆ. ಅವುಗಳಲ್ಲಿ ಪ್ರಸಿದ್ಧ ಕಂಪೆನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ನೀವು ಸಂಖ್ಯೆ ಒತ್ತಿ ಆರಿಸಿಕೊಳ್ಳಬೇಕು. ಒಂದೇ ಟಿವಿಗೆ ಸಾಕು. ಎರಡನೆಯದು ಹಳೆಯ ರಿಮೋಟಿನಿಂದ ನೇರವಾಗಿ ಕಲಿಯುವ ಬಗೆ. ಹೋಮ್ ಥಿಯೇಟರಿಗೆ ಈ ಕಲಿಯುವ ಬಗೆಯೇ ಬೇಕು. ಅದರಲ್ಲಿಯೂ ಹಲವು ಆಜ್ಞೆಗಳನ್ನು ಸಾಲಾಗಿ ಪೋಣಿಸಿ ಒಂದೇ ಗುಂಡಿಗೆ ಕಟ್ಟುವ ಸೌಲಭ್ಯ ಇರಲೇಬೇಕು.

ಇನ್ನು ಮುಟ್ಟುಪರದೆಯ ರಿಮೋಟು, ಮೊಬೈಲಿನ ಆ್ಯಪು ಇವುಗಳ ವಿಷಯ. ಸೋದರಳಿಯ ಫೋನಿನಲ್ಲಿ ವಾದಿಸಿದ: 'ಮಾವ, ಅಮ್ಮನ ಫೋನಿಗೇ ಆ್ಯಪ್ ಹಾಕಿಬಿಡೋಣ.' ನಾನು ಒಪ್ಪಲಿಲ್ಲ. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಗಾಜು ಅವರ ಸ್ಪರ್ಶವನ್ನು ಗುರುತಿಸದೆ ಸತಾಯಿಸುತ್ತದೆ. ಕತ್ತಲಲ್ಲಿ ತಡವಿ ತಿಳಿಯುವಂತೆ ಉಬ್ಬಿದ ರಬ್ಬರಿನ ಗುಂಡಿ ಬೇಕು. ಫೋನು ಒಳಗೆ ಚಾರ್ಜಿಗಿಟ್ಟಿದ್ದರೆ ಟಿವಿಯ ಶಬ್ದ ತಗ್ಗಿಸಲು ಓಡಬೇಕೇ? ಮಾತಿನಲ್ಲಿ ಹೇಳಿದರೆ ಕೇಳುವ ಯಂತ್ರಗಳ ವಿರೋಧಿ ನಾನಲ್ಲ; ಆದರೆ ಮೊಮ್ಮಗು ಮಲಗಿರುವಾಗ 'ಶಬ್ದ ಕಡಿಮೆ ಮಾಡು' ಎಂದು ಕೂಗುವುದು ಹೇಗೆ?

ಮತ್ತೊಂದು ಎಚ್ಚರಿಕೆ. ಈ ಕ್ಷೇತ್ರದಲ್ಲಿ ಅತ್ಯಂತ ಜಾಣ ರಿಮೋಟೆಂದು ಹೆಸರಾಗಿದ್ದುದು ಹಾರ್ಮನಿ. ಕೆನಡಾದ ಸಣ್ಣ ಕಂಪೆನಿಯೊಂದು ರೂಪಿಸಿದ ಅದನ್ನು ೨೦೦೪ರಲ್ಲಿ ಲಾಜಿಟೆಕ್ ಕೊಂಡುಕೊಂಡಿತು. 'ಟಿವಿ ನೋಡು', 'ಸಂಗೀತ ಕೇಳು' ಎಂದು ಯಂತ್ರದ ಬದಲು ಕೆಲಸವನ್ನೇ ಹೆಸರಿಸುವ ಗುಂಡಿಗಳು ಅದರ ಹಿರಿಮೆ. ಆ ಕಲ್ಪನೆಗೆ ನಾನು ಪೂರ್ಣಾಂಕ ಕೊಡುತ್ತೇನೆ. ಆದರೆ ಅದಕ್ಕೆ ಪಾಠ ಹೇಳಬೇಕಾದರೆ ಕಂಪೆನಿಯ ಅಂತರ್ಜಾಲ ಖಾತೆಯ ಮೂಲಕವೇ ಹೋಗಬೇಕಿತ್ತು. ೨೦೨೧ರ ಏಪ್ರಿಲ್‌ನಲ್ಲಿ ಆ ರಿಮೋಟುಗಳ ತಯಾರಿಕೆಯನ್ನು ನಿಲ್ಲಿಸಿರುವುದಾಗಿ ಕಂಪೆನಿ ಸಾರಿತು. ಕೊಂಡವರಿಗೆ ಸೇವೆ ಮುಂದುವರಿಸುವೆವೆಂದು ಹೇಳಿದರೂ ಹೊಸದು ಸಿಗದಾಯಿತು. ನೀವು ಏಳು ಸಮುದ್ರದಾಚೆ ಇರುವವರು. ಆದ್ದರಿಂದ ಕಲಿತ ಪಾಠವೆಲ್ಲ ರಿಮೋಟಿನ ಹೊಟ್ಟೆಯೊಳಗೇ ಉಳಿಯುವ, ಬ್ಯಾಟರಿ ತೆಗೆದರೂ ಮರೆಯದ ಸಾಧನವನ್ನೇ ಆರಿಸಿರಿ. ಅಂಗಡಿಯಲ್ಲಿಯೇ ಒಂದು ಗುಂಡಿಯನ್ನು ಕಲಿಸಿ, ಬ್ಯಾಟರಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಹಾಕಿ ನೋಡಿರಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಬ್ಲೂಟೂತ್ ರಿಮೋಟಿನ ಸ್ಟಿಕ್ಕುಗಳಿಗೆ ಅವಗೆಂಪಿನ ಕಣ್ಣೇ ಇರುವುದಿಲ್ಲ. ಅವಗೆಂಪಿನ ದುಭಾಷಿ ಎಷ್ಟು ಕೂಗಿದರೂ ಅವು ಕೇಳವು. ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಅಕ್ಕನಿಗೆ ಸ್ಟಿಕ್ಕಿನ ಗೋಜೇ ಬೇಡವೆಂದು ಅದನ್ನು ಬಿಚ್ಚಿಟ್ಟೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹುಪಾಲು ರಿಮೋಟುಗಳಲ್ಲಿ ಹಚ್ಚುವುದಕ್ಕೂ ಆರಿಸುವುದಕ್ಕೂ ಒಂದೇ ಗುಂಡಿ, ಒಂದೇ ಸಂಕೇತ. ಮಲಗಿದ್ದರೆ ಏಳುತ್ತದೆ, ಎದ್ದಿದ್ದರೆ ಮಲಗುತ್ತದೆ. ಇಂಥ ಮೂರು ಸಂಕೇತಗಳನ್ನು ಒಂದು ಗುಂಡಿಗೆ ಪೋಣಿಸಿದಿರೆಂದು ಇಟ್ಟುಕೊಳ್ಳಿ. ಮೂರೂ ಯಂತ್ರಗಳು ಮಲಗಿದ್ದಾಗ ಸರಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಒಂದು ಯಂತ್ರ ತಾನಾಗಿ ಏಳುತ್ತದೆ, ಇನ್ನೊಂದು ಏಳುವುದಿಲ್ಲ. ಆಗ ಗುಂಡಿ ಒತ್ತಿದರೆ ಎದ್ದದ್ದು ಮಲಗಿ ಮಲಗಿದ್ದು ಏಳುತ್ತದೆ. ಗಾಬರಿಯಿಂದ ಮತ್ತೊಮ್ಮೆ ಒತ್ತಿದರೆ ಮತ್ತೆ ಅದಲುಬದಲು. ಯೂನಿವರ್ಸಲ್ ರಿಮೋಟು ಮೂಲೆ ಸೇರುವುದು ಈ ಕಾರಣಕ್ಕೆ.

ಪರಿಹಾರವಿದೆ. ಅನೇಕ ರಿಸೀವರುಗಳಿಗೆ ಹಚ್ಚಲು ಬೇರೆ, ಆರಿಸಲು ಬೇರೆ ಸಂಕೇತಗಳಿರುತ್ತವೆ. ರಿಮೋಟಿನ ಮೇಲೆ ಗುಂಡಿ ಇಲ್ಲದಿದ್ದರೂ ಯಂತ್ರಕ್ಕೆ ಅವು ತಿಳಿದಿರುತ್ತವೆ, ಹವ್ಯಾಸಿಗಳು ಪಟ್ಟಿ ಮಾಡಿ ಇಟ್ಟಿರುತ್ತಾರೆ. ಹಚ್ಚುವ ಸಂಕೇತವನ್ನು ನೂರು ಸಲ ಕಳುಹಿಸಿದರೂ ಎದ್ದ ಯಂತ್ರ ಎದ್ದೇ ಇರುತ್ತದೆ. ಅದೇ ರೀತಿ 'ಮುಂದಿನ ಸೋರ್ಸ್' ಎಂದು ಒಂದೊಂದಾಗಿ ತಿರುಗಿಸುವ ಗುಂಡಿಯನ್ನು ಬಿಟ್ಟು 'ಡಿಸ್ಕ್', 'ಸ್ಯಾಟ್' ಎಂದು ನೇರವಾಗಿ ಹೆಸರು ಹಿಡಿದು ಕರೆಯುವ ಗುಂಡಿಗಳನ್ನೇ ಕಲಿಸಬೇಕು. ನನ್ನ ಮಟ್ಟಿಗೆ ಒಳ್ಳೆಯ ಜೋಡಣೆಯ ಲಕ್ಷಣವೆಂದರೆ, ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದರೂ ಏನೂ ಕೆಡಬಾರದು.

ಅಕ್ಕನ ಮನೆಯಲ್ಲಿ ಮೊದಲು ತಂತಿಗಳನ್ನು ಬದಲಿಸಿದೆವು. ಎಲ್ಲ ಯಂತ್ರಗಳೂ ರಿಸೀವರಿಗೆ. ರಿಸೀವರಿನಿಂದ ಟಿವಿಗೆ ಒಂದೇ ತಂತಿ. ಹೀಗಾಗಿ ಟಿವಿಯ ಸೋರ್ಸನ್ನು ಇನ್ನೆಂದೂ ಮುಟ್ಟಬೇಕಾಗಿಲ್ಲ. ಸೆಟ್‌ಟಾಪ್ ಬಾಕ್ಸನ್ನು ಸದಾ ಎಚ್ಚರದಲ್ಲಿಯೇ ಬಿಟ್ಟೆವು; ರಾತ್ರಿ ಗೋಡೆಯ ಸ್ವಿಚ್ಚು ಆರಿಸಿದರಾಯಿತು. ಡಿಸ್ಕ್ ಪ್ಲೇಯರು ತನ್ನ ಪ್ಲೇ ಗುಂಡಿ ಒತ್ತಿದರೆ ತಾನೇ ಏಳುವ ಜಾತಿಯದು. ಉಳಿದದ್ದು ಟಿವಿ ಒಂದೇ, ಅದಕ್ಕೆ ಬೇರೆಬೇರೆ ಸಂಕೇತ ಸಿಗಲಿಲ್ಲ. ಸೋದರಳಿಯ ಅದನ್ನೂ ಸಾಲಿನಲ್ಲಿ ಪೋಣಿಸಬೇಕೆಂದ. ನಾನು ಬೇಡವೆಂದೆ. ಟಿವಿ ಹೊತ್ತಿದೆಯೋ ಇಲ್ಲವೋ ಎಂಬುದು ಅಕ್ಕನ ಕಣ್ಣಿಗೇ ಕಾಣುತ್ತದೆ. ಚಿತ್ರ ಬೇಕಾದರೆ ಮೇಲಿನ ಕೆಂಪು ಗುಂಡಿ, ಆಮೇಲೆ ಒಂದು ಅಥವಾ ಎರಡು. ಸಂಗೀತಕ್ಕೆ ಟಿವಿ ಬೇಕಾಗಿಯೇ ಇಲ್ಲ. ಡಿಸ್ಕು ಒಳಗಿಟ್ಟು ಎರಡನ್ನು ಒತ್ತಿದರೆ ಸಾಕು. ಒಂದೇ ಗುಂಡಿಯ ಚಮತ್ಕಾರಕ್ಕಿಂತ ತಪ್ಪದ ಎರಡು ಗುಂಡಿ ಮೇಲು.

ಕಲಿಸುವಾಗ ಹಳೆಯ ರಿಮೋಟಿನ ತುದಿ ಹೊಸದರ ತುದಿಗೆ ಎದುರಾಗಿ, ಎರಡು ಮೂರು ಬೆರಳಗಲದ ಅಂತರದಲ್ಲಿ, ಒಂದೇ ಮಟ್ಟದಲ್ಲಿರಬೇಕು. ಪುಸ್ತಕವೊಂದರ ಮೇಲೆ ಇಟ್ಟುಕೊಂಡರೆ ಅನುಕೂಲ. ಎರಡಕ್ಕೂ ಹೊಸ ಬ್ಯಾಟರಿ ಹಾಕಿರಿ. ಟ್ಯೂಬ್‌ಲೈಟು ಆರಿಸಿರಿ, ಬಿಸಿಲಿನಿಂದ ದೂರವಿರಿ; ಇಲ್ಲದಿದ್ದರೆ ಕಲಿತ ಪಾಠದಲ್ಲಿ ಕಾಗುಣಿತ ತಪ್ಪುತ್ತದೆ. ಒಂದೊಂದು ಗುಂಡಿ ಕಲಿಸಿದ ಕೂಡಲೇ ಪರೀಕ್ಷಿಸಿ ಮುಂದೆ ಹೋಗಿ. ರಿಸೀವರು ಎದ್ದು ಕಣ್ಣುಜ್ಜಿಕೊಳ್ಳಲು ಕೆಲವು ಸೆಕೆಂಡು ತೆಗೆದುಕೊಳ್ಳುವುದರಿಂದ ಹಚ್ಚುವ ಆಜ್ಞೆಗೂ ಮುಂದಿನದಕ್ಕೂ ನಡುವೆ ಬಿಡುವು ಇರಿಸಬೇಕು. ನಾವು ಎಂಟು ಸೆಕೆಂಡು ಇರಿಸಿದೆವು.

ಅನಂತರದ ಪರೀಕ್ಷೆಯನ್ನು ಅಕ್ಕನೇ ಬರೆಯಬೇಕಾಗಿತ್ತು. ನಾನು ಯಂತ್ರಗಳನ್ನು ಮನಬಂದಂತೆ ಹಚ್ಚಿ ಆರಿಸಿ, ರಿಮೋಟನ್ನು ಅವಳ ಕೈಗಿತ್ತು ಹಿಂದೆ ಕುಳಿತೆ. ಮೊದಲ ಸಲ ಶಬ್ದ ಬರಲಿಲ್ಲ. ಕಾರಣ, ಗುಂಡಿ ಒತ್ತಿದೊಡನೆ ಅವಳು ರಿಮೋಟನ್ನು ಮಡಿಲಿಗೆ ಇಳಿಸಿದ್ದಳು. ಉಳಿದ ಆಜ್ಞೆಗಳೆಲ್ಲ ಸೀರೆಯ ನೆರಿಗೆಗೆ ಹೋದವು. 'ಒತ್ತಿ ಹತ್ತರವರೆಗೆ ಎಣಿಸು ಅಕ್ಕ' ಎಂದೆ. ಎರಡನೆಯ ಸಲ ಗಟ್ಟಿಯಾಗಿ ಎಣಿಸಿದಳು. ಒಂಬತ್ತಕ್ಕೆ ಎಣಿಸುವಷ್ಟರಲ್ಲಿ ರಿಸೀವರಿನೊಳಗೆ ಟಕ್ಕೆಂದಿತು, ಸ್ವಲ್ಪ ಹೊತ್ತಿಗೆ ತಂಬೂರಿಯ ಶ್ರುತಿ ಕೇಳಿಸಿತು. ಅವಳು ಎಣಿಸುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತುಬಿಟ್ಟಳು. ನಾವೂ ಮಾತಾಡಲಿಲ್ಲ.

ಬೇಡದ ಗುಂಡಿಗಳನ್ನು ಎಲೆಕ್ಟ್ರಿಷಿಯನ್ನರ ಕಪ್ಪು ಟೇಪಿನಿಂದ ಮುಚ್ಚಿದೆವು. ಶಬ್ದ ಏರಿಸುವ, ಇಳಿಸುವ ಗುಂಡಿಗಳ ಮೇಲೆ ಸೊಸೆ ಮರೆತುಹೋಗಿದ್ದ ಚೀಟಿಯಿಂದ ಎರಡು ಬಿಂದಿ ಅಂಟಿಸಿದೆವು. ಕತ್ತಲಲ್ಲಿಯೂ ಬೆರಳಿಗೆ ಸಿಗುತ್ತವೆ. ಹಳೆಯ ರಿಮೋಟುಗಳನ್ನು ಎಸೆಯಬೇಡಿ, ಹೊಸದು ಕೆಟ್ಟರೆ ಪಾಠ ಹೇಳಲು ಅವೇ ಗುರುಗಳು. ಬ್ಯಾಟರಿ ತೆಗೆದು, ಹೆಸರು ಬರೆದು, ಡಬ್ಬದಲ್ಲಿ ಹಾಕಿಡಿ. ಬ್ಯಾಟರಿ ಒಳಗೇ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. ಕೊನೆಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲಿ, ಮೂರು ಸಾಲು ಬರೆದು ಷೋಕೇಸಿನ ಬಾಗಿಲಿನ ಒಳಬದಿಗೆ ಅಂಟಿಸಿದೆ: ಒಂದು, ಟಿವಿ. ಎರಡು, ಹಾಡು. ಶಬ್ದ ಬಾರದಿದ್ದರೆ ಅದನ್ನೇ ಮತ್ತೆ ಒತ್ತು, ಏನೂ ಕೆಡುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಸೋದರಳಿಯ ಬಂದಾಗ ಇನ್ನೊಂದು ಹೊಸ ಪೆಟ್ಟಿಗೆ ತಂದಿದ್ದ. ಅದಕ್ಕೆ ಬ್ಲೂಟೂತ್ ರಿಮೋಟು. ಅಕ್ಕ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, 'ಇದು ನನ್ನ ರಿಮೋಟಿನ ಮಾತು ಕೇಳುತ್ತೇನೋ?' ಎಂದು ವಿಚಾರಿಸಿದಳಂತೆ. ಕೇಳುವುದಿಲ್ಲವೆಂದಾಗ, 'ಹಾಗಾದರೆ ನೀನಿರುವ ತನಕ ನೀನೇ ನೋಡಿಕೋ, ಹೋಗುವಾಗ ಬಿಚ್ಚಿ ಮೇಲಿಡು' ಎಂದಳು. ಅದೀಗ ಕಪಾಟಿನ ಮೇಲಿದೆ.